ಡಿಸೆಂಬರಿನಲ್ಲಿ ಮಾವಿನ ಬೆಲೆ ಎಷ್ಟು?

ನೆಟ್ಟಗಿನ ಗೆರೆ ನಕ್ಷೆಗೆ ಒಂದಕ್ಕಿಂತ ಹೆಚ್ಚು ಕಡೆ ತಾಗಿದರೆ ಅದು ಫಂಕ್ಷನ್ ಅಲ್ಲ ಎನ್ನುವ ಲಂಬರೇಖೆಯ ಪರೀಕ್ಷೆಯನ್ನು ಈ ವಾರ ಮುಗಿಸುತ್ತೇನೆ ಎಂದಿದ್ದೆ. ಮೊನ್ನೆ ಕೋಲಾರ ಎಪಿಎಂಸಿಯ ದರಪಟ್ಟಿಯನ್ನು ಚೌಕಳಿ ಹಾಳೆಗೆ ಇಳಿಸುತ್ತ ಕೂತಾಗ ಅದೇ ಪರೀಕ್ಷೆ ಬೇರೆ ದಾರಿಗೆ ಎಳೆದುಕೊಂಡು ಹೋಯಿತು.

ಪಟ್ಟಿಯಲ್ಲಿ ಟೊಮೆಟೊಗೆ ಒಂದೇ ದಿನ ಮೂರು ದರ: ಕನಿಷ್ಠ, ಗರಿಷ್ಠ, ಮತ್ತು ಹೆಚ್ಚಿನ ಮಾಲು ಮಾರಾಟವಾದ ಮಾದರಿ ದರ. ಮೂರಕ್ಕೂ ಚುಕ್ಕಿ ಇಟ್ಟರೆ ನೆಟ್ಟಗೆ ನಿಲ್ಲಿಸಿದ ಅಡಿಪಟ್ಟಿ ಮೂರು ಕಡೆ ತಾಗುತ್ತದೆ. ಅದು ಫಂಕ್ಷನ್ ಆಗದು. ಮಾದರಿ ದರವೊಂದನ್ನೇ ಉಳಿಸಿಕೊಂಡೆ. ಆ ಚುಕ್ಕಿಗಳ ನೆರಳು ಕೆಳಗಿನ ಅಕ್ಷದ ಮೇಲೆ ಬಿದ್ದಷ್ಟು ಡೊಮೈನ್, ಎಡಗಡೆಯ ಅಕ್ಷದ ಮೇಲೆ ಬಿದ್ದಷ್ಟು ರೇಂಜ್.

ಛೇದ ಸೊನ್ನೆಯಾಗಬಾರದು, ವರ್ಗಮೂಲದೊಳಗೆ ಋಣಸಂಖ್ಯೆ ಬರಬಾರದು ಎಂದು ಬಾಯಿಪಾಠ ಮಾಡಿಸಿ, ಡೊಮೈನ್ ಅಂದರೆ ಇಷ್ಟೇ ಎನ್ನುವ ಕೋಚಿಂಗ್ ಪಂಥದ ಜೊತೆ ನನ್ನ ಜಗಳ ಹಳೆಯದು. ಟೊಮೆಟೊ ದರಕ್ಕೆ ಯಾವ ಸೂತ್ರವಿದೆ? 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ 2000 ರೂಪಾಯಿ ದಾಟಿತಲ್ಲ, ಅದು ಗೊತ್ತಾಗುವುದು ನಕ್ಷೆಯಿಂದಲೇ. ತಾರೀಕಿನ ಮೇಲೆ ಬೆರಳಿಡಿ, ಮೇಲಕ್ಕೆ ಹೋಗಿ, ಚುಕ್ಕಿ ಸಿಕ್ಕಲ್ಲಿ ಎಡಕ್ಕೆ ತಿರುಗಿ. ಮಾರುಕಟ್ಟೆ ಮುಚ್ಚಿದ ದಿನ ಬೆರಳಿಗೆ ಏನೂ ಸಿಗುವುದಿಲ್ಲ. ಅಕ್ಕಪಕ್ಕದ ಚುಕ್ಕಿಗಳನ್ನು ಗೆರೆ ಎಳೆದು ಜೋಡಿಸಿದಿರೋ, ನಡೆಯದ ಹರಾಜಿಗೆ ದರ ಕಟ್ಟಿದಂತಾಯಿತು. ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆಗೆ ಸುರಿದ ದಿನಗಳ ಕಥೆ ಬೇರೆ. ಆ ಚುಕ್ಕಿಗಳು ತಳಕ್ಕೆ ಅಂಟಿಕೊಂಡಿರುತ್ತವೆ, ಆದರೆ ಇರುತ್ತವೆ.

ಶ್ರೀನಿವಾಸಪುರದ ಮಾವಿಗೆ ಬನ್ನಿ. ಅದರ ನಕ್ಷೆ ಬೇಸಿಗೆಯಲ್ಲಿ ಶುರುವಾಗಿ ಮಳೆಗಾಲದ ನಡುವೆ ಮುಗಿಯುತ್ತದೆ. ಡಿಸೆಂಬರಿನಲ್ಲಿ ಅಲ್ಲಿನ ಮಂಡಿಯಲ್ಲಿ ತೋತಾಪುರಿ ಬೆಲೆ ಎಷ್ಟು ಎಂದು ಮಕ್ಕಳನ್ನು ಕೇಳಿದರೆ ಥಟ್ಟನೆ ಸೊನ್ನೆ ಅನ್ನುತ್ತಾರೆ. ಬೆಲೆ ಸೊನ್ನೆ ಎಂದರೆ ಹಣ್ಣು ಇತ್ತು, ಕೊಳ್ಳುವವರಿರಲಿಲ್ಲ ಎಂದು. ಡಿಸೆಂಬರಿನಲ್ಲಿ ಮರ ಇನ್ನೂ ಹೂವಿಗೆ ಕಾಯುತ್ತಿರುತ್ತದೆ. ಆ ತಿಂಗಳು ಡೊಮೈನಿನೊಳಗೇ ಇಲ್ಲ.

ಮಾಲೂರು, ಮುಳಬಾಗಿಲು ಕಡೆ ಇದೇ ತಪ್ಪು ನೀರಿನ ಲೆಕ್ಕಕ್ಕೂ ಹತ್ತೀತು. ಅಂತರ್ಜಲದ ನಕ್ಷೆಯಲ್ಲಿ ಗುರುತಿಸುವುದು ನೆಲದಿಂದ ನೀರಿಗೆ ಎಷ್ಟು ಆಳ ಎಂಬುದನ್ನು. ಬತ್ತಿದ ಕೊಳವೆಬಾವಿಯ ಮುಂದೆ 0 ಬರೆದರೆ, ನೀರು ನೆಲಮಟ್ಟಕ್ಕೆ ಬಂದು ತುಳುಕುತ್ತಿದೆ ಎಂದು ಅರ್ಥ. 1000 ಅಡಿ ಕೊರೆಸಿ ಬರೀ ದೂಳು ಕಂಡವನ ಬಾವಿಗೆ ಹಾಗೆ ಬರೆಯಬಾರದು. ಅಲ್ಲಿ ಗೆರೆ ಕಡಿಯಬೇಕು, ಜಾಗ ಖಾಲಿ ಬಿಡಬೇಕು.