ಕೆ-1 ಬೇಗ ಅನ್ನುವುದು ಯಾರ ಲೆಕ್ಕ?

ಅಮೆರಿಕದ ಪೌರನೊಬ್ಬ ಚೀನಾದಲ್ಲಿರುವ ಹೆಣ್ಣನ್ನು ಮೆಚ್ಚಿ ಮದುವೆಗೆ ನಿಂತರೆ ಸುತ್ತಲಿನವರು ಕೊಡುವ ಮೊದಲ ಸಲಹೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಈಗಲೇ ಮದುವೆಯಾಗಬೇಡ, ನಿಶ್ಚಯವಾಗಿದೆ ಅಂತ ತೋರಿಸಿ ಕೆ-1 ವೀಸಾ ಹಾಕು, ಬೇಗ ಬರ್ತಾಳೆ, ಮದುವೆಯಾಗಿ ಕರೆಸಿಕೊಳ್ಳೋಕೆ ಹೋದರೆ ಕಾದು ಕಾದು ಸಾಕಾಗುತ್ತೆ. ಈ ಮಾತು ಎಷ್ಟು ಬೇರೂರಿದೆಯೆಂದರೆ ವಲಸೆ ಕಾನೂನಿನ ಒಂದು ಸಾಲನ್ನೂ ಓದದವರು ಕೂಡ ಅದನ್ನು ಖಚಿತವಾಗಿ ಹೇಳುತ್ತಾರೆ. ಪೂರಾ ಸುಳ್ಳಲ್ಲ, ನಿಜ. ಮದುವೆಯ ಅರ್ಜಿಗಳು ರಾಶಿ ಬಿದ್ದ ವರ್ಷಗಳಲ್ಲಿ ಕೆ-1 ಕೆಲವು ತಿಂಗಳು ಮುಂಚೆ ಕೈಗೆ ಬಂದದ್ದುಂಟು. ನನ್ನ ತಕರಾರು ಬೇರೆ. ಆ ಲೆಕ್ಕ ವಿಮಾನ ನಿಲ್ದಾಣದ ಬಾಗಿಲಿಗೇ ನಿಂತುಬಿಡುತ್ತದೆ. ಬರುವವಳ ಬದುಕು ಶುರುವಾಗುವುದು ಆ ಬಾಗಿಲಿನ ಈಚೆಗೆ.

ಕೆ-1 ಹುಟ್ಟಿದ್ದು 1970ರಲ್ಲಿ, ವಿಯೆಟ್ನಾಂ ಯುದ್ಧದ ನಡುವೆ. ಹೊರದೇಶಗಳಲ್ಲಿದ್ದ ಸೈನಿಕರು ಮೆಚ್ಚಿದ ಹೆಣ್ಣುಗಳು ಅಮೆರಿಕಕ್ಕೆ ಬಂದು ಮದುವೆಯಾಗಲು ಅನುಕೂಲವಾಗಲಿ ಎಂಬುದು ಅದರ ಉದ್ದೇಶಗಳಲ್ಲೊಂದು. ಹಿಂದಿನ ಎರಡು ವರ್ಷಗಳೊಳಗೆ ಇಬ್ಬರೂ ಮುಖಾಮುಖಿ ಭೇಟಿಯಾಗಿರಬೇಕು ಎಂಬ ಷರತ್ತು ಸೇರಿದ್ದು 1986ರಲ್ಲಿ, ಸುಳ್ಳು ಮದುವೆಗಳ ವಿರುದ್ಧದ ಕಾನೂನಿನ ಜೊತೆಗೆ. ಗಂಡಿನ ಕಡೆಯಿಂದ ಐ-129ಎಫ್ ಅರ್ಜಿ ಹೋಗುತ್ತದೆ. ಅದು ಒಪ್ಪಿಗೆಯಾಗಿ, ಗ್ವಾಂಗ್‌ಜೌ ಕಾನ್ಸುಲೇಟಿನಲ್ಲಿ ಸಂದರ್ಶನ ಮುಗಿದರೆ, ಒಂದೇ ಸಲ ಪ್ರವೇಶಿಸಲು ಬರುವ ವೀಸಾ ಸಿಗುತ್ತದೆ. ಬಂದು 90 ದಿನಗಳೊಳಗೆ ಮದುವೆಯಾಗಬೇಕು. ಇಷ್ಟಕ್ಕೇ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ನಿಜವಾದ ಅರ್ಜಿ ಶುರುವಾಗುವುದು ಆಮೇಲೆ: ಗ್ರೀನ್ ಕಾರ್ಡಿಗೆ ಐ-485, ಕೆಲಸದ ಅನುಮತಿಗೆ ಒಂದು, ಊರಿಗೆ ಹೋಗಿಬರಲು ಇನ್ನೊಂದು. ಅವು ಕೈಸೇರುವ ತನಕ ಅವಳು ಸಂಬಳಕ್ಕೆ ದುಡಿಯುವಂತಿಲ್ಲ. ಪ್ರಯಾಣದ ಅನುಮತಿ ಬರುವ ಮುಂಚೆ ದೇಶ ಬಿಟ್ಟರೆ ಗ್ರೀನ್ ಕಾರ್ಡ್ ಅರ್ಜಿಯನ್ನೇ ಕೈಬಿಟ್ಟಂತೆ ಲೆಕ್ಕ.

ಇನ್ನೊಂದು ದಾರಿಯಲ್ಲಿ ಮೊದಲು ಮದುವೆ, ಆಮೇಲೆ ಹೆಂಡತಿಗಾಗಿ ಐ-130 ಅರ್ಜಿ. ಕಾಗದಪತ್ರ ನ್ಯೂ ಹ್ಯಾಂಪ್‌ಷೈರಿನ ರಾಷ್ಟ್ರೀಯ ವೀಸಾ ಕೇಂದ್ರದ ಮೂಲಕ ಅದೇ ಗ್ವಾಂಗ್‌ಜೌಗೆ ಹೋಗುತ್ತದೆ. ಒಟ್ಟು ಒಂದು ವರ್ಷಕ್ಕೂ ಮೇಲೆ ಹಿಡಿಯಬಹುದು. ಆದರೆ ಅವಳು ವಿಮಾನ ಇಳಿಯುವ ಹೊತ್ತಿಗೆ ಖಾಯಂ ನಿವಾಸಿಯಾಗಿರುತ್ತಾಳೆ. ಪಾಸ್‌ಪೋರ್ಟಿನ ಮೇಲೆ ಬೀಳುವ ಮುದ್ರೆಯೇ ಒಂದು ವರ್ಷದ ಮಟ್ಟಿಗೆ ಗ್ರೀನ್ ಕಾರ್ಡಿನ ಬದಲಿ. ಬೇಕಿದ್ದರೆ ಮರುದಿನವೇ ಕೆಲಸಕ್ಕೆ ಸೇರಬಹುದು, ಮರುವಾರವೇ ತವರಿಗೆ ಹೋಗಿ ಬರಬಹುದು. ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡು, ತುಂಬಿದ್ದರೆ ಹತ್ತು ವರ್ಷದ್ದು. ಪೌರನ ಹೆಂಡತಿಗೆ ಪೌರತ್ವದ ಅರ್ಜಿ ಹಾಕಲು ಬೇಕಾದ ಮೂರು ವರ್ಷದ ಎಣಿಕೆಯೂ ಅವಳು ನೆಲಕ್ಕೆ ಕಾಲಿಟ್ಟ ದಿನದಿಂದಲೇ ಶುರು. ಕೆ-1ರವಳಿಗೆ ಅದು ಶುರುವಾಗುವುದು ಐ-485 ಒಪ್ಪಿಗೆಯಾದ ಮೇಲೆ.

ಹಾಗಿದ್ದರೆ ಯಾವುದು ಬೇಗ? ಕೆ-1 ಕಾಯುವಿಕೆಯನ್ನು ಇಲ್ಲವಾಗಿಸುವುದಿಲ್ಲ, ಅದನ್ನು ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸುತ್ತದೆ ಅಷ್ಟೆ. ಚೀನಾದಲ್ಲಿ ಕಾಯುವಾಗ ಅವಳಿಗೆ ಕೆಲಸವಿದೆ, ಸಂಬಳವಿದೆ, ಅಪ್ಪ ಅಮ್ಮ ಇದ್ದಾರೆ, ತನ್ನ ಭಾಷೆಯಿದೆ. ಟೆಕ್ಸಸ್ಸಿನ ಯಾವುದೋ ಬಡಾವಣೆಯಲ್ಲಿ ಕಾಯುವಾಗ ಇದೊಂದೂ ಇರುವುದಿಲ್ಲ. ಕರೆಸಿಕೊಳ್ಳುವವನ ಒಂಟಿತನ ಬೇಗ ಮುಗಿಯುತ್ತದೆ, ಬಂದವಳದು ಅಲ್ಲಿಂದ ಶುರುವಾಗುತ್ತದೆ. ಸಲಹೆ ಕೊಡುವವರಲ್ಲಿ ಹೆಚ್ಚಿನವರು ಕರೆಸಿಕೊಳ್ಳುವವನ ಗೆಳೆಯರಾಗಿರುವುದರಿಂದ ಗಡಿಯಾರವೂ ಅವನದೇ ಆಗಿಬಿಟ್ಟಿದೆ.

ಚೀನಾದ ವಿಷಯದಲ್ಲಿ ಇದು ಇನ್ನೂ ತೀಕ್ಷ್ಣ. 1980ರ ಹೊತ್ತಿಗೆ ಜಾರಿಗೆ ಬಂದು 2015ರವರೆಗೆ ನಡೆದ ಒಂದೇ ಮಗುವಿನ ನೀತಿಯ ಕಾಲದಲ್ಲಿ ಹುಟ್ಟಿದವರೇ ಇವತ್ತು ಮದುವೆಯಾಗುತ್ತಿರುವವರು. ನಗರಗಳ ಹುಡುಗಿಯಾದರೆ ಬಹುಪಾಲು ಅವಳೊಬ್ಬಳೇ ಮಗಳು. ಅಪ್ಪನಿಗೆ ಲಕ್ವ ಹೊಡೆದರೆ ಆಸ್ಪತ್ರೆಗೆ ಓಡಲು ಅಣ್ಣ ತಮ್ಮಂದಿರಿಲ್ಲ. ಅಂಥವಳನ್ನು, ಅನುಮತಿ ಪತ್ರವೊಂದು ಬರುವ ತನಕ ದೇಶ ಬಿಡುವಂತಿಲ್ಲ ಎಂಬ ಸ್ಥಿತಿಯಲ್ಲಿ ಕೂರಿಸುವ ದಾರಿಯನ್ನು ಸುಲಭದ ದಾರಿ ಎಂದು ಕರೆಯಲು ನನಗಂತೂ ನಾಲಿಗೆ ಬರುವುದಿಲ್ಲ. ತುರ್ತು ಅನುಮತಿ ಎಂಬುದೊಂದಿದೆ, ಒಪ್ಪುತ್ತೇನೆ. ಅದನ್ನು ಕೇಳಬೇಕಾದದ್ದು ತಂದೆ ತೀವ್ರನಿಗಾ ಘಟಕದಲ್ಲಿರುವಾಗ.

ಅಧಿಕಾರದ ಮಾತೂ ಇದೆ. ಕೆ-1ರಲ್ಲಿ ಬಂದವಳು, ಅರ್ಜಿ ಹಾಕಿದ ಆ ಒಬ್ಬನ ಮೂಲಕ ಬಿಟ್ಟು ಬೇರೆ ದಾರಿಯಲ್ಲಿ ಅಲ್ಲಿಯೇ ಗ್ರೀನ್ ಕಾರ್ಡ್ ಕೇಳುವಂತಿಲ್ಲ. ಮದುವೆಯಾದ ಮೇಲೆ ಅವನು ಕಾಗದಕ್ಕೆ ಸಹಿ ಹಾಕದೆ ಮುನಿಸಿಕೊಂಡು ಕೂತರೆ, 90 ದಿನ ಕಳೆದ ಮರುದಿನದಿಂದ ಅವಳು ಅಕ್ರಮ ವಾಸಿ. ಹಿಂಸೆಗೊಳಗಾದವರಿಗೆ ತಾವೇ ಅರ್ಜಿ ಹಾಕಿಕೊಳ್ಳುವ ಅವಕಾಶವನ್ನು ಕಾನೂನು ಕೊಟ್ಟಿದೆ. ಆದರೆ ಭಾಷೆ ಬಾರದ ಊರಲ್ಲಿ ಅದನ್ನು ತಿಳಿಸುವವರು ಬೇಕಲ್ಲ. ವಿವಾಹ ದಲ್ಲಾಳಿಗಳನ್ನು ಹದ್ದುಬಸ್ತಿನಲ್ಲಿಡಲು, ಕರೆಸಿಕೊಳ್ಳುವವನ ಅಪರಾಧದ ಹಿನ್ನೆಲೆಯನ್ನು ಹೆಣ್ಣಿಗೆ ತಿಳಿಸಲು 2005ರಲ್ಲಿ ಅಮೆರಿಕದ ಸಂಸತ್ತು ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಸುಮ್ಮನೆ ಮಾಡಿದ್ದಲ್ಲ, ಹೀಗೆ ಬಂದ ಹೆಣ್ಣುಗಳು ಕೊಲೆಯಾದ ಪ್ರಕರಣಗಳಿದ್ದವು.

ದುಡ್ಡಿನ ಲೆಕ್ಕ ಒಂದೇ ಉಸಿರಿಗೆ ಮುಗಿಯುತ್ತದೆ. 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರಗಳನ್ನು ಹಿಡಿದರೆ, ಕೆ-1ಕ್ಕೆ ಅರ್ಜಿಗೆ 675, ವೀಸಾಕ್ಕೆ 265, ಐ-485ಕ್ಕೆ 1,440, ಕೆಲಸದ ಅನುಮತಿಗೆ 260, ಪ್ರಯಾಣದ್ದಕ್ಕೆ 630 ಡಾಲರ್, ಒಟ್ಟು 3,270. ಮದುವೆಯ ದಾರಿಗೆ 675, 325, 120, ಕೊನೆಗೆ ಕಾರ್ಡಿಗೆ 235, ಒಟ್ಟು 1,355. ದರಗಳು ಬದಲಾಗುತ್ತಿರುತ್ತವೆ, ಆದರೆ ಹೆಚ್ಚು ಅರ್ಜಿ ಹಾಕಿದವನು ಹೆಚ್ಚು ತೆರುತ್ತಾನೆ ಎಂಬುದು ಬದಲಾಗುವುದಿಲ್ಲ.

ಚೀನಾದಲ್ಲಿ ಮದುವೆ ನೋಂದಣಿ ದೊಡ್ಡ ರಗಳೆ ಎಂಬ ಇನ್ನೊಂದು ಮಾತಿದೆ. ಹಿಂದೆ ಅದರಲ್ಲಿ ಸತ್ಯವಿತ್ತು. ತಾನು ಅವಿವಾಹಿತ ಎಂಬ ಪ್ರಮಾಣಪತ್ರಕ್ಕೆ ಅಮೆರಿಕದಲ್ಲಿ ಮುದ್ರೆ ಮೇಲೆ ಮುದ್ರೆ ಹಾಕಿಸಿ, ಕೊನೆಗೆ ಚೀನಾದ ದೂತಾವಾಸದ ಮುದ್ರೆಯನ್ನೂ ಪಡೆಯಬೇಕಿತ್ತು. 2023ರ ನವೆಂಬರ್ 7ರಿಂದ ಚೀನಾ, ವಿದೇಶಿ ದಾಖಲೆಗಳ ಮುದ್ರೆಯನ್ನು ಸರಳಗೊಳಿಸುವ ಅಪಾಸ್ಟಿಲ್ ಒಪ್ಪಂದದೊಳಗೆ ಬಂದ ಮೇಲೆ ಆ ಕೊನೆಯ ಮುದ್ರೆಯ ಗೋಳು ತಪ್ಪಿದೆ. ಕಾಗದ ಸರಿಯಿದ್ದರೆ, ವಿದೇಶಿಯರ ಮದುವೆಗೆಂದು ಗೊತ್ತುಮಾಡಿದ ನಾಗರಿಕ ವ್ಯವಹಾರ ಕಚೇರಿಯಲ್ಲಿ ಇಬ್ಬರೂ ಕೂತು ತೆಗೆಸಿಕೊಂಡ ಫೋಟೊ ಅಂಟಿಸಿದ ಕೆಂಪು ಪುಸ್ತಕ ಅದೇ ದಿನ ಕೈಗೆ ಬರುತ್ತದೆ. 2017ರಿಂದ ಅದರ ಒಂಬತ್ತು ಯುವಾನ್ ಶುಲ್ಕವೂ ಇಲ್ಲ. ಆ ಪುಸ್ತಕ ಇನ್ನೊಂದು ಬಾಗಿಲನ್ನೂ ತೆರೆಯುತ್ತದೆ. ಚೀನೀ ಪ್ರಜೆಯ ಗಂಡನಿಗೆ ಆ ದೇಶದಲ್ಲಿ ಉಳಿಯಲು ಕುಟುಂಬದವರ ಕ್ಯೂ-1 ವೀಸಾ ಇದೆ. ಅರ್ಜಿ ನಡೆಯುವಷ್ಟು ಕಾಲ ಗಂಡನೇ ಹೆಂಡತಿಯ ಊರಲ್ಲಿ ಇರಬಹುದು. ಕೊನೆಗೆ ಅಮೆರಿಕಕ್ಕೆ ಹಿಂದಿರುಗಿ ನೆಲೆಸುವ ಏರ್ಪಾಡನ್ನು ತೋರಿಸಿದರಾಯಿತು. ಈ ಆಯ್ಕೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೆಂಡತಿ ಗಂಡನ ಮನೆಗೆ ಬರಬೇಕೇ ಹೊರತು ಅವನು ಅಲ್ಲಿಗೆ ಹೋಗುವುದುಂಟೇ ಎಂಬ ನಮ್ಮ ಕಡೆಯ ಹಳೆಯ ಧೋರಣೆ ವೀಸಾ ಸಲಹೆಯಲ್ಲೂ ನುಸುಳಿರಬೇಕು.

ಪ್ರವಾಸಿ ವೀಸಾದಲ್ಲಿ ಕರೆಸಿ ಅಲ್ಲೇ ಮದುವೆ ಮಾಡಿಕೊಂಡು ಅರ್ಜಿ ಹಾಕು ಎನ್ನುವ ಜಾಣರೂ ಇದ್ದಾರೆ. 2014ರ ನವೆಂಬರ್‌ನಿಂದ ಚೀನೀಯರಿಗೆ ಹತ್ತು ವರ್ಷದ ಪ್ರವಾಸಿ ವೀಸಾ ಸಿಗತೊಡಗಿದ ಮೇಲೆ ಈ ಜಾಣತನಕ್ಕೆ ಬೆಲೆ ಏರಿತು. ಬಂದು, ಮದುವೆಯಾಗಿ, ಹಿಂದಿರುಗಿ ಹೋಗುವುದು ತಪ್ಪಲ್ಲ. ಉಳಿಯಬೇಕೆಂದೇ ಹೊರಟು ಗಡಿಯಲ್ಲಿ ಸುತ್ತಾಡಲು ಬಂದೆ ಎನ್ನುವುದು ಸುಳ್ಳು ಹೇಳಿಕೆ. ಅದು ದಾಖಲಾದರೆ ಜೀವಮಾನದ ನಿರ್ಬಂಧ, ಆಮೇಲೆ ಕ್ಷಮಾಪಣೆಯ ಅರ್ಜಿಯೇ ಗತಿ. ಇನ್ನು ಮದುವೆಯಾದವರಿಗೆಂದೇ 2000ದ ಕೊನೆಯಲ್ಲಿ ಬಂದ ಕೆ-3 ಇದೆಯಲ್ಲ ಎನ್ನುವವರಿಗೆ: ಅದು ಪುಸ್ತಕದಲ್ಲಿ ಮಾತ್ರ ಇದೆ. ಐ-130 ಒಪ್ಪಿಗೆಯಾಗಿ ವೀಸಾ ಕೇಂದ್ರ ತಲುಪಿದ್ದರೆ ಕೆ-3ರ ಕಡತವನ್ನು ಮುಚ್ಚಿಬಿಡುವ ಪದ್ಧತಿ 2010ರಿಂದ ನಡೆದುಬಂದಿದೆ.

ಗ್ವಾಂಗ್‌ಜೌ ಬಗ್ಗೆ ಇರುವ ಭಯದ ವಿಷಯ ಸ್ವಲ್ಪ ನಿಂತು ನೋಡುವಂಥದ್ದು. ಹಾರ್ಬಿನ್ನಿನವಳಾದರೂ ಸರಿ, ಉರುಂಚಿಯವಳಾದರೂ ಸರಿ, ಚೀನಾದಲ್ಲಿ ಈ ಸಂದರ್ಶನ ನಡೆಯುವುದು ಅಲ್ಲೊಂದೇ ಕಡೆ. ಅಲ್ಲಿನ ಅಧಿಕಾರಿಗಳಿಗೆ ಸಂಶಯ ಹೆಚ್ಚು, ಅವಸರದ ಮದುವೆ ಕಂಡರೆ ತಿರಸ್ಕರಿಸುತ್ತಾರೆ, ಆದ್ದರಿಂದ ಕೆ-1ರಲ್ಲಿ ಹೋಗುವುದೇ ಕ್ಷೇಮ ಎಂಬುದು ಪ್ರಚಲಿತ ತರ್ಕ. ಸಂಶಯಕ್ಕೆ ಇತಿಹಾಸವಿದೆ, ಸರಿ. 1875ರ ಪೇಜ್ ಕಾಯ್ದೆಯ ಕಾಲದಲ್ಲಿ ಹಾಂಗ್‌ಕಾಂಗಿನ ಅಮೆರಿಕನ್ ಕಾನ್ಸಲ್ ಚೀನೀ ಹೆಂಗಸರ ನಡತೆಯನ್ನು ವಿಚಾರಿಸಿ ಹಡಗು ಹತ್ತಿಸುತ್ತಿದ್ದ. 1882ರಲ್ಲಿ ಚೀನೀ ಕಾರ್ಮಿಕರಿಗೇ ಬಾಗಿಲು ಮುಚ್ಚಿತು. 1925ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದೇ ದಿನ ಎರಡು ತೀರ್ಪು ಕೊಟ್ಟಿತು: ಚೀನೀ ವರ್ತಕನ ಹೆಂಡತಿ ಬರಬಹುದು, ಅಮೆರಿಕದ ಪೌರನ ಚೀನೀ ಹೆಂಡತಿ ಬರುವಂತಿಲ್ಲ! 1910ರಿಂದ 1940ರವರೆಗೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ, ನಿಮ್ಮ ಹಳ್ಳಿಯ ಸಾಲಿನಲ್ಲಿ ಎಷ್ಟು ಮನೆ, ಬಾವಿ ಯಾವ ದಿಕ್ಕಿಗೆ ಎಂದು ಕೇಳಿ, ಸಂಬಂಧಿಕರ ಉತ್ತರಕ್ಕೆ ತಾಳೆ ಹಾಕುತ್ತಿದ್ದರು. ಪೌರರ ಚೀನೀ ಹೆಂಡತಿಯರು ವಾರ್ಷಿಕ ಮಿತಿಯ ಹಂಗಿಲ್ಲದೆ ಬರುವಂತಾದದ್ದು 1946ರಲ್ಲಿ. ಇವತ್ತು ವೀಚಾಟ್ ಸಂಭಾಷಣೆಯ ಮುದ್ರಿತ ಪುಟಗಳನ್ನೂ ವಿಮಾನದ ಟಿಕೆಟ್ಟುಗಳನ್ನೂ ಹೊತ್ತು ನಿಲ್ಲುವವಳು ಅದೇ ಪರಂಪರೆಯ ಪ್ರಶ್ನೆಗಳಿಗೆ ಉತ್ತರಿಸುತ್ತಾಳೆ.

ಆದರೆ ಸಂಶಯ ಹೆಚ್ಚಿದ್ದಷ್ಟೂ ಕೆ-1 ದುರ್ಬಲ ಎಂಬುದನ್ನು ಈ ತರ್ಕ ಮರೆಯುತ್ತದೆ. ಕೆ-1 ತಿರಸ್ಕೃತವಾದರೆ ಅರ್ಜಿ ಅಮೆರಿಕಕ್ಕೆ ವಾಪಸಾಗುತ್ತದೆ. ಅದರ ಆಯುಷ್ಯವೇ ನಾಲ್ಕು ತಿಂಗಳು. ಸಾಮಾನ್ಯವಾಗಿ ಅದು ಅವಧಿ ಮೀರಿ ಅಲ್ಲೇ ಸಾಯುತ್ತದೆ, ನೀವು ಮತ್ತೆ ಮೊದಲಿನಿಂದ. ಐ-130 ವಾಪಸಾದರೆ ಅದಕ್ಕೆ ಅವಧಿ ಮುಗಿಯುವ ಕಾಟವಿಲ್ಲ. ಒಪ್ಪಿಗೆಯನ್ನು ರದ್ದು ಮಾಡುವ ಮುಂಚೆ ನೋಟಿಸು ಕೊಡಬೇಕು, ಉತ್ತರಿಸಲು ಅವಕಾಶ ಕೊಡಬೇಕು, ರದ್ದಾದರೆ ಮೇಲ್ಮನವಿ ಇದೆ. ವೀಸಾ ನಿರಾಕರಣೆಯನ್ನೇ ಕೋರ್ಟಿನಲ್ಲಿ ಪ್ರಶ್ನಿಸುವುದು ಬಹುಮಟ್ಟಿಗೆ ಆಗದ ಮಾತು. ಮುನ್ಯೊಸ್ ಪ್ರಕರಣದಲ್ಲಿ 2024ರ ಜೂನ್ 21ರಂದು ಅಮೆರಿಕದ ಸುಪ್ರೀಂ ಕೋರ್ಟ್, ವಿದೇಶಿ ಸಂಗಾತಿಗೆ ದೇಶದೊಳಗೆ ಪ್ರವೇಶ ಸಿಗಬೇಕೆನ್ನುವ ಮೂಲಭೂತ ಹಕ್ಕು ಪೌರರಿಗಿಲ್ಲ ಎಂದು ಹೇಳಿಬಿಟ್ಟಿದೆ. ಇಂಥ ಸ್ಥಿತಿಯಲ್ಲಿ ಉತ್ತರ ಕೊಡುವ ಅವಕಾಶವಾದರೂ ಉಳಿಯುವ ದಾರಿಯನ್ನು ಬಿಟ್ಟು, ಅದೂ ಇಲ್ಲದ ದಾರಿಯನ್ನು ಹಿಡಿಯುವುದು ಯಾವ ಕ್ಷೇಮ?

ಕೆಲವು ತೊಡಕುಗಳನ್ನು ಯಾವ ದಾರಿಯೂ ಬಿಡಿಸುವುದಿಲ್ಲ. ಕಾಲೇಜಿನಲ್ಲಿ ಚುರುಕಾಗಿದ್ದ ಎಷ್ಟೋ ಚೀನೀಯರು ಆ ವಯಸ್ಸಿನಲ್ಲೇ ಕಮ್ಯುನಿಸ್ಟ್ ಪಕ್ಷದ ಸದಸ್ಯತ್ವ ಪಡೆದಿರುತ್ತಾರೆ. ಅಮೆರಿಕದ ವಲಸೆ ಕಾನೂನಿನಲ್ಲಿ ಅದು ಪ್ರವೇಶ ತಡೆಯುವ ಕಾರಣ. ಸದಸ್ಯತ್ವ ಮುಗಿದು ಐದು ವರ್ಷ ಕಳೆದಿದ್ದರೆ, ಒತ್ತಾಯಕ್ಕೆ ಸೇರಿದ್ದರೆ ವಿನಾಯಿತಿ ಇದೆ. ಪೌರರ ಸಂಗಾತಿಗೆ ಪ್ರತ್ಯೇಕ ರಿಯಾಯಿತಿಯೂ ಇದೆ. ಅದನ್ನು ಮುಚ್ಚಿಡುವುದಂತೂ ಎರಡೂ ದಾರಿಗಳಲ್ಲಿ ಅಪಾಯ. ದಾರಿ ಯಾವುದು ಎಂದು ತಿಂಗಳುಗಟ್ಟಲೆ ಚರ್ಚಿಸುವವರು ಈ ಪ್ರಶ್ನೆಯನ್ನು ಮೊದಲ ವಾರವೇ ಕೇಳಿಕೊಂಡರೆ ಒಳ್ಳೆಯದು.

ಹಾಗೆಂದು ಕೆ-1 ಯಾರಿಗೂ ಬೇಡ ಎಂದಲ್ಲ. ಅವಳಿಗೆ ಮೊದಲ ಮದುವೆಯ ಮಗ ಇದ್ದಾನೆ, ಹತ್ತೊಂಬತ್ತು ವರ್ಷ ಎಂದಿಟ್ಟುಕೊಳ್ಳಿ. ಮದುವೆಯ ದಾರಿಯಲ್ಲಿ ಅವನು ಮಲಮಗನೆನಿಸಿಕೊಳ್ಳಲು, ಮದುವೆ ಅವನಿಗೆ ಹದಿನೆಂಟು ತುಂಬುವ ಮೊದಲೇ ಆಗಿರಬೇಕು. ಕೆ-1ರಲ್ಲಿ ಇಪ್ಪತ್ತೊಂದು ತುಂಬದ ಮಕ್ಕಳು ತಾಯಿಯ ಜೊತೆ ಕೆ-2ರಲ್ಲಿ ಬರಬಹುದು. ಇಲ್ಲಿ ಕೆ-1 ಬಿಟ್ಟು ಬೇರೆ ಹೇಳುವ ವಕೀಲ ತಾಯಿ ಮಗನನ್ನು ಅಗಲಿಸುತ್ತಾನೆ. ಇಬ್ಬರೂ ಗಂಡಸರು ಅಥವಾ ಇಬ್ಬರೂ ಹೆಂಗಸರಾಗಿದ್ದರೆ ಚೀನಾದಲ್ಲಿ ಅವರಿಗೆ ಮದುವೆಯೇ ಇಲ್ಲ. ಅವರಿಗೂ ಕೆ-1 ಒಂದು ದಾರಿ. ಮದುವೆಯಾಗಬೇಕೋ ಬೇಡವೋ ಎಂದು ಇನ್ನೂ ಮನಸ್ಸು ಗಟ್ಟಿಯಾಗದವರಿಗೆ ಕೆ-1 ಒಳ್ಳೆಯದು ಎನ್ನುತ್ತಾರೆ. ಅವರಿಗೆ ನಾನು ಯಾವ ವೀಸಾವನ್ನೂ ಹೇಳಲಾರೆ. ತೊಂಬತ್ತು ದಿನದ ಗಡುವು ಇಟ್ಟುಕೊಂಡು ಮನಸ್ಸು ಗಟ್ಟಿಮಾಡಿಕೊಳ್ಳುವುದು ಎಂಥ ಪರೀಕ್ಷೆ!

ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಇನ್ನೂ ಎಚ್-1ಬಿ ಉದ್ಯೋಗ ವೀಸಾದ ಮೇಲಿರುವವರಿಗೆ ಈ ಚರ್ಚೆಯೇ ಅನ್ವಯಿಸುವುದಿಲ್ಲ. ಕೆ-1 ಪೌರರಿಗೆ ಮಾತ್ರ. ಅವರಿಗೆ ಬೇರೊಂದು ವಿಚಿತ್ರ ಕಾದಿದೆ. ಉದ್ಯೋಗದ ಗ್ರೀನ್ ಕಾರ್ಡಿನ ಸಾಲನ್ನು ಹುಟ್ಟಿದ ದೇಶದ ಮೇಲೆ ಮಾಡುತ್ತಾರೆ. 2025ರ ಶರತ್ಕಾಲದಲ್ಲಿ ಎರಡನೆಯ ದರ್ಜೆಯ ಭಾರತದ ಸಾಲು 2013ರ ಅರ್ಜಿಗಳಲ್ಲಿ ತೆವಳುತ್ತಿತ್ತು, ಚೀನಾದ ಸಾಲು 2021ಕ್ಕೆ ಬಂದಿತ್ತು. ಗಂಡ ಹೆಂಡತಿ ಒಟ್ಟಿಗೆ ಗ್ರೀನ್ ಕಾರ್ಡ್ ಪಡೆಯುವಾಗ ಇಬ್ಬರಲ್ಲಿ ಒಬ್ಬರ ಜನ್ಮದೇಶದ ಸಾಲನ್ನು ಇನ್ನೊಬ್ಬರೂ ಬಳಸಬಹುದು. ದಾವಣಗೆರೆಯಲ್ಲಿ ಹುಟ್ಟಿದ ಎಂಜಿನಿಯರು ಚೆಂಗ್ದುವಿನಲ್ಲಿ ಹುಟ್ಟಿದವಳನ್ನು ಮದುವೆಯಾದರೆ ಎಂಟು ವರ್ಷದ ಸಾಲು ಜಿಗಿದು ಚೀನಾದ ಸಾಲಿಗೆ ಸೇರುತ್ತಾನೆ. ಅದಕ್ಕೆ ನಿಶ್ಚಿತಾರ್ಥ ಸಾಲದು, ಮದುವೆ ಆಗಿಯೇ ಇರಬೇಕು. ಆ ಕಡತದಲ್ಲಿ ಅವನು ಅವಳನ್ನು ಕರೆಸಿಕೊಳ್ಳುತ್ತಿಲ್ಲ, ಅವಳ ಸಾಲಿನಲ್ಲಿ ಅವನು ನಿಂತಿದ್ದಾನೆ.