ಮಕ್ಕಳ ಪದಬಂಧದಲ್ಲಿ ಯಾರ ಮಳೆ, ಯಾರ ಚಳಿ?

ಡಿಸೆಂಬರ್ ಬಂತೆಂದರೆ ನಮ್ಮ ಎಷ್ಟೋ ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಎಳೆಯ ಮಕ್ಕಳ ಕೈಗೆ ಒಂದು ಹಾಳೆ ಬರುತ್ತದೆ. ಅಕ್ಷರ ತುಂಬಿದ ಚೌಕಗಳು, ಕೆಳಗೆ ಹುಡುಕಬೇಕಾದ ಪದಗಳು: ಸ್ನೋಮ್ಯಾನ್, ಮಿಟನ್, ಸ್ಲೆಡ್ಜ್. ಮೂಲೆಯಲ್ಲಿ ಕ್ಯಾರೆಟ್ ಮೂಗಿನ ಹಿಮದ ಬೊಂಬೆ. ಹೊರಗೆ ಮಂಗಳೂರಿನ ಬಿಸಿಲು. ಮಗು ಪದಗಳನ್ನು ಹುಡುಕಿ ಗೆರೆ ಎಳೆಯುತ್ತದೆ, ಟೀಚರ್ 'ಗುಡ್' ಎಂದು ಬರೆಯುತ್ತಾರೆ. ಮಿಟನ್ ಎಂದರೇನೆಂದು ಮಗುವಿಗೂ ಗೊತ್ತಿಲ್ಲ, ಕೇಳಿದರೆ ಹೇಳಲು ಮನೆಯವರಿಗೂ ಗೊತ್ತಿಲ್ಲ.

ಋತುವಿಗೆ ತಕ್ಕ ಪದದಾಟ ಎಂಬ ಕಲ್ಪನೆಯನ್ನು ನಾವು ದೂರುತ್ತಿಲ್ಲ. ಆರ್ಥರ್ ವಿನ್ ರಚಿಸಿದ, ಮೊದಲನೆಯದೆಂದು ಹೆಸರಾದ ಪದಬಂಧ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಬಂದದ್ದೇ 1913ರ ಡಿಸೆಂಬರ್ 21ರಂದು, ಕ್ರಿಸ್‌ಮಸ್‌ಗೆ ನಾಲ್ಕು ದಿನ ಮೊದಲು. ಕಣ್ಣೆದುರು ಇರುವುದಕ್ಕೆ ಹೆಸರು ಸಿಕ್ಕಾಗ ಆ ಹೆಸರು ಮಗುವಿನ ನಾಲಗೆಯಲ್ಲಿ ನಿಲ್ಲುತ್ತದೆ. ಆಕ್ಷೇಪವಿರುವುದು ಋತುವನ್ನೂ ಚೌಕವನ್ನೂ ಹೊರಗಿನಿಂದ ಹಾಗೆಯೇ ಎತ್ತಿ ತರುವುದಕ್ಕೆ.

ಚೌಕದ ಮಾತನ್ನು ಮೊದಲು ನೋಡೋಣ. ಅಕ್ಷರಗಳ ಗುಂಪಿನಲ್ಲಿ ಪದ ಹುಡುಕುವ ಆಟದಲ್ಲಿ ಕಾಗುಣಿತದ ಕೆಲಸ ಬಹಳ ಕಡಿಮೆ. ಪದ ಕೆಳಗೆ ಅಚ್ಚಾಗಿಯೇ ಇದೆ. ಕಣ್ಣು ಹೋಲಿಸುತ್ತದೆ, ಕೈ ಸುತ್ತು ಹಾಕುತ್ತದೆ. ಪದಗಳನ್ನು ಅದರಲ್ಲಿ ಹಿಂದುಮುಂದಾಗಿಯೂ ಅಡಗಿಸುತ್ತಾರೆ. ಕನ್ನಡದಲ್ಲಿ 'ಮಳೆ'ಯನ್ನು ತಿರುಗಿಸಿದರೆ 'ಳೆಮ'. ಳಕಾರದಿಂದ ಪದವೇ ಆರಂಭವಾಗದ ಭಾಷೆಯಲ್ಲಿ ಇದೆಂಥ ಓದು? ಬೆಳಿಗ್ಗೆ ಮದ್ರಸದಲ್ಲಿ ಬಲದಿಂದ ಎಡಕ್ಕೆ ಅರಬಿ ಓದಿ, ಹತ್ತು ಗಂಟೆಗೆ ಶಾಲೆಯಲ್ಲಿ ಎಡದಿಂದ ಬಲಕ್ಕೆ ಕನ್ನಡ ಓದುವ ಆರು ವರ್ಷದ ಮಗುವಿಗೆ ಇಷ್ಟು ಕಸರತ್ತೇ ಸಾಕು.

ಪದಬಂಧದ ಮಾತು ಬೇರೆ. ಕನ್ನಡದಲ್ಲಿ ಒಂದು ಚೌಕಕ್ಕೆ ಗುಣಿತ, ಒತ್ತು, ಸೊನ್ನೆ ಎಲ್ಲವೂ ಸೇರಿದ ಒಂದು ಪೂರ್ಣ ಅಕ್ಷರ. 'ಮುಂಗಾರು' ಮೂರೇ ಚೌಕ: ಮುಂ, ಗಾ, ರು. ನಡುವಿನ 'ಗಾ'ದಿಂದ ಕೆಳಕ್ಕೆ 'ಗಾಳಿ' ಇಳಿಯಲಿ. ಮಗು 'ಮುಂಗರು' ಎಂದು ಬರೆದರೆ ಕೆಳಗೆ 'ಗಳಿ' ಆಗುತ್ತದೆ. ಗಳಿ ಬೀಸುವುದಿಲ್ಲವೆಂದು ಮಗುವಿಗೆ ತಾನಾಗಿಯೇ ತಿಳಿಯುತ್ತದೆ. ಕೆಂಪು ಮಸಿಯ ಪೆನ್ನು ಬೇಡ, ಬೈಗುಳ ಬೇಡ. ಅಡ್ಡಕ್ಕೆ 'ಸುಗ್ಗಿ', ಮೇಲಿನಿಂದ ಕೆಳಕ್ಕೆ 'ಮಗ್ಗಿ' ಬಂದು 'ಗ್ಗಿ'ಯಲ್ಲಿ ಕೂಡಿದರೆ ಒತ್ತಕ್ಷರವೂ ಗಟ್ಟಿಯಾಗುತ್ತದೆ. ಇಂಗ್ಲಿಷಿನ ಚೌಕಕ್ಕೆ ಇಲ್ಲದ ಈ ಅನುಕೂಲ ನಮ್ಮ ಲಿಪಿಗಿದೆ. ದಿನಪತ್ರಿಕೆಗಳಲ್ಲಿ ದೊಡ್ಡವರು ದಿನವೂ ಪದಬಂಧ ಬಿಡಿಸುವ ನಾಡಿನಲ್ಲಿ ಮಕ್ಕಳ ಅಭ್ಯಾಸ ಪುಸ್ತಕಗಳು ಇದನ್ನು ಬಳಸಿಕೊಳ್ಳದಿರುವುದು ವಿಪರ್ಯಾಸ.

ಎಳೆಯರಿಗೆ ಇದು ಕಷ್ಟವಾಗದೇ ಎಂದು ಕೇಳಬಹುದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ನಲಿಕಲಿ ಪದ್ಧತಿಯಲ್ಲಿ ಮಕ್ಕಳು 'ರ, ಗ, ಸ, ದ, ಅ' ಎಂದು ಶುರು ಮಾಡಿ 'ಜ, ವ, ಮ, ಬ, ನ'ಕ್ಕೆ ಬರುತ್ತಾರೆ. ಗುಣಿತವಿಲ್ಲದ ಈ ಹತ್ತೇ ಅಕ್ಷರಗಳಲ್ಲಿ ಮರ, ವನ, ದನ ಇವೆ. ಬೇಸಿಗೆಯ 'ಬರ' ಕೂಡ ಇದೆ. ಒಂದನೆಯ ತರಗತಿಗೆ ಒಂದು ಪುಟ್ಟ ಪದಬಂಧಕ್ಕೆ ಇಷ್ಟು ಸಾಲದೇ?

ಇನ್ನು ಋತುವಿನ ವಿಷಯ. ನಮ್ಮ ರೈತರು ಮಳೆಗಾಲವನ್ನು ಒಂದೇ ಹೆಸರಿನಿಂದ ಕರೆದವರಲ್ಲ. ಭರಣಿ, ಕೃತ್ತಿಕೆ, ರೋಹಿಣಿಯಿಂದ ಹಸ್ತ, ಚಿತ್ತೆ, ಸ್ವಾತಿಯವರೆಗೆ ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ, ಒಂದೊಂದಕ್ಕೂ ಒಂದೊಂದು ಸ್ವಭಾವ. ಹೊಲ ಉಳುವವರ ಮನೆಯಲ್ಲಿ, ಅವರು ಯಾವ ಧರ್ಮದವರೇ ಆಗಿರಲಿ, ಈ ಹೆಸರುಗಳು ಬಾಯಲ್ಲಿದ್ದವು. 'ಜೂನ್ ಕೊನೆಗೆ ಹಿಡಿಯುವ ಮಳೆ, ಮೂರು ಅಕ್ಷರ' ಎಂದು ಸುಳಿವು ಕೊಟ್ಟರೆ ಮಗು ಅಜ್ಜಿಯನ್ನು ಕೇಳಲೇಬೇಕು. ಪದಸಂಪತ್ತು ಬೆಳೆಯುವುದು ಇಂಥ ಸುಳಿವಿನಿಂದ; ಪದಗಳ ಪಟ್ಟಿಯಿಂದಲ್ಲ. ಉತ್ತರ 'ಆರಿದ್ರಾ'. ಪಂಚಾಂಗದಲ್ಲಿ ಅದು 'ಆರ್ದ್ರಾ', ಎರಡೇ ಚೌಕ. ಚಿಕ್ಕ ಮಕ್ಕಳಿಗೆ ಊರಿನವರ ರೂಪವೇ ಇರಲಿ ಎಂಬುದು ನಮ್ಮ ಅಭಿಪ್ರಾಯ. 'ರ್ದ್ರಾ' ಬರೆಯಲು ದೊಡ್ಡವರೇ ತಡವರಿಸುತ್ತಾರೆ.

ಕನ್ನಡ ಮನೆಮಾತಲ್ಲದ ಮಕ್ಕಳಿಗೆ ಈ ಆಟ ಇನ್ನೂ ಹೆಚ್ಚು ಬೇಕು. ಬ್ಯಾರಿ, ತುಳು, ಕೊಂಕಣಿ, ಉರ್ದು ಮನೆಗಳ ಮಗು ಶಾಲೆಯಲ್ಲಿ ಕನ್ನಡದ ಕಾಗುಣಿತವನ್ನು ಕಿವಿಯಿಂದಷ್ಟೇ ಹಿಡಿಯಲಾರದು. ಉರ್ದುವಿನಲ್ಲಿ ಳಕಾರವಿಲ್ಲ, ಹಾಗಾಗಿ 'ಮಳೆ' ಸುಲಭವಾಗಿ 'ಮಲೆ' ಆಗುತ್ತದೆ. ಆದರೆ 'ಘರ್', 'ಖಾನಾ' ಎನ್ನುತ್ತ ಬೆಳೆದ ಮಗುವಿಗೆ ಮಹಾಪ್ರಾಣ ಹೊಸತಲ್ಲ. ಅಲ್ಲಿ ಎಡವುವುದು ಹೆಚ್ಚಾಗಿ ಕನ್ನಡ ಮನೆಯ ಮಗು. ಇಬ್ಬರನ್ನೂ ಒಂದೇ ಪದಬಂಧದ ಮುಂದೆ ಕೂರಿಸಿ, ಒಬ್ಬ 'ಳ' ಹೇಳಲಿ, ಇನ್ನೊಬ್ಬ 'ಘ' ಹೇಳಲಿ.

ನಮ್ಮ ಕಡೆಯ ತೊಡಕೂ ಒಂದಿದೆ. 'ರಮಝಾನ್ ವಿಶೇಷ ಪದಬಂಧ' ಮಾಡುವವರು ಋತುವನ್ನು ನೆಚ್ಚುವಂತಿಲ್ಲ. ಹಿಜರಿ ವರ್ಷ ಸುಮಾರು ಹನ್ನೊಂದು ದಿನ ಕಿರಿದು. 2017ರಲ್ಲಿ ಮೇ ಕೊನೆಯಲ್ಲಿ, ಮಾವಿನ ಹಣ್ಣಿನ ಕಾಲದಲ್ಲಿ ಬಂದ ಉಪವಾಸ 2030ರಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೆ ಮತ್ತೊಮ್ಮೆ ಆರಂಭವಾಗಲಿದೆ. ಇಫ್ತಾರಿನ ತಟ್ಟೆಯ ಹಣ್ಣು ಪ್ರತಿಸಲ ಬೇರೆ, ಹಾಗಾಗಿ ಸುಳಿವೂ ಬೇರೆ. ಮಗುವಿಗೆ ಇದೇ ಒಂದು ಸೊಗಸಾದ ಲೆಕ್ಕ. ಕಷ್ಟವಿರುವುದು ಹೆಸರಿನಲ್ಲಿ. ಕನ್ನಡದ ಅಚ್ಚಿನಲ್ಲಿ ರಂಜಾನ್, ರಂಝಾನ್, ರಮ್ಜಾನ್, ರಮದಾನ್ ಎಲ್ಲವೂ ಇವೆ. ಕೆಲವಕ್ಕೆ ಮೂರು ಚೌಕ, ಕೆಲವಕ್ಕೆ ನಾಲ್ಕು. ಮಗು ಪೆನ್ಸಿಲ್ ಹಿಡಿದು ಕೂರುವ ಮೊದಲೇ ಎಷ್ಟು ಚೌಕವೆಂದು ಪದಬಂಧ ರಚಿಸುವವರು ತೀರ್ಮಾನಿಸಿರಬೇಕು.