ಬೆಂಗಳೂರಿನ ಭೂದೃಶ್ಯ ಚಿತ್ರಗಳು: ಉಳಿದ ಊರು, ಬಿಟ್ಟುಹೋದ ಊರು

ಬೆಂಗಳೂರಿನ ಭೂದೃಶ್ಯ ಚಿತ್ರಣದ ಆರಂಭ ಯುದ್ಧದಲ್ಲಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಬ್ರಿಟಿಷ್ ಸೈನ್ಯದೊಂದಿಗೆ ತಿರುಗಿದ ಚಿತ್ರಕಾರ ರಾಬರ್ಟ್ ಹೋಮ್, ಮೈಸೂರು ಸೀಮೆಯ ನೋಟಗಳ ಸಂಪುಟವೊಂದನ್ನು 1794ರಲ್ಲಿ ಪ್ರಕಟಿಸಿದ. ಕೋಟೆ, ಬುರುಜು, ಬೆಟ್ಟಗಳು ಅದರಲ್ಲಿ ಸ್ಪಷ್ಟವಾಗಿವೆ. ನೋಡುವ ಕಣ್ಣು ಮಾತ್ರ ಗೆದ್ದವರದು. ಊರನ್ನು ಕಳೆದುಕೊಂಡವರ ನೆನಪಿಗೆ ಅಲ್ಲಿ ಜಾಗವಿಲ್ಲ. ಮುಂದೆ ಕೆ. ವೆಂಕಟಪ್ಪನವರು ಜಲವರ್ಣದ ಭೂದೃಶ್ಯವನ್ನು ಬಹು ಎತ್ತರಕ್ಕೆ ಒಯ್ದರು. ಆದರೆ ಅವರ ಹೆಸರಾಂತ ಚಿತ್ರಗಳು ಊಟಿ, ಕೊಡೈಕೆನಾಲ್‌ಗಳ ಬೆಟ್ಟ ಮತ್ತು ಮಂಜಿಗೆ ಸೇರಿದವು.

ಬೆಂಗಳೂರಿಗೆ ತನ್ನದೇ ಚಿತ್ರಕಾರ ಸಿಕ್ಕಿದ್ದು ರುಮಾಲೆ ಚನ್ನಬಸವಯ್ಯನವರಲ್ಲಿ (1910–1988). ದೊಡ್ಡಬಳ್ಳಾಪುರದವರಾದ ರುಮಾಲೆ, ಅ.ನ. ಸುಬ್ಬರಾಯರ ಕಲಾಮಂದಿರದಲ್ಲಿ ಕಲಿತರು. ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿ, ಸೇವಾದಳ, ‘ತಾಯಿನಾಡು’ ಪತ್ರಿಕೆ, ರಾಜಕೀಯ ಎಂದು ವರ್ಷಗಟ್ಟಲೆ ಕುಂಚ ಬದಿಗಿಟ್ಟು, 1960ರ ದಶಕದಲ್ಲಿ ಮತ್ತೆ ಬಣ್ಣಕ್ಕೆ ಮರಳಿದರು. ಅವರು ಬರೆದದ್ದು ಸ್ಥಳದಲ್ಲೇ ಕೂತು. ಜಲವರ್ಣವನ್ನು ತೆಳ್ಳಗೆ ಹರಿಯಬಿಡದೆ, ತೈಲವರ್ಣದಂತೆ ದಟ್ಟವಾಗಿ, ತುಂಡು ತುಂಡು ಗೀರುಗಳಲ್ಲಿ ಕೂಡಿಸಿದರು. ಹತ್ತಿರದಿಂದ ನೋಡಿದರೆ ಬರೀ ಬಣ್ಣದ ಚುಕ್ಕೆಗಳು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಹೂಬಿಟ್ಟ ಮರ.

ಈ ಮರಗಳಲ್ಲೇ ರುಮಾಲೆಯವರ ಶಕ್ತಿಯಿದೆ. ಒಂದಾದ ಮೇಲೊಂದು ಹೂಬಿಡುವ ಮರಗಳನ್ನು ಆರಿಸಿ ಬೆಂಗಳೂರಿನ ರಸ್ತೆಗಳಿಗೆ ತಂದವರಲ್ಲಿ ಮುಖ್ಯರು ಲಾಲ್‌ಬಾಗಿನ ತೋಟಗಾರಿಕೆ ತಜ್ಞ ಕ್ರುಂಬಿಗಲ್. ಹೀಗಾಗಿ ಜಕರಂಡ ನೀಲಿಯಾಗಿದ್ದರೆ ಬೇಸಿಗೆಯ ಆರಂಭ, ಗುಲ್‌ಮೊಹರ್ ಕೆಂಪಾಗಿದ್ದರೆ ಏಪ್ರಿಲ್–ಮೇ ಎಂದು ಚಿತ್ರವೇ ತಿಂಗಳು ಹೇಳುತ್ತದೆ. ನೆರಳಿನ ಉದ್ದ ಹೊತ್ತನ್ನು ಹೇಳುತ್ತದೆ. ಮರ ಉರುಳಿದ ಮೇಲೂ ಆ ತಿಂಗಳು, ಆ ಹೊತ್ತು ಚಿತ್ರದಲ್ಲಿ ಉಳಿಯುತ್ತವೆ. ಕಳೆದುಹೋಗುತ್ತದೆಂಬ ಹಳಹಳಿಕೆ ರುಮಾಲೆಯವರಲ್ಲಿ ಕಾಣುವುದಿಲ್ಲ. ಕಣ್ಣೆದುರಿನದನ್ನು ಪ್ರೀತಿಯಿಂದ ನೋಡಿದ್ದಷ್ಟೇ ಇದೆ. ಇಂದು ಆ ಚಿತ್ರಗಳು ಮನ ಕಲಕುವುದಕ್ಕೂ ಅದೇ ಕಾರಣ. ರಾಜಾಜಿನಗರದ ರುಮಾಲೆ ಹೌಸ್ ಈ ಚಿತ್ರಗಳನ್ನು ಜೋಪಾನ ಮಾಡಿದ್ದು ನಾಡಿಗೆ ಸಂದ ದೊಡ್ಡ ಉಪಕಾರ.

ಚಿತ್ರಕಾರ ಪಾಲ್ ಫರ್ನಾಂಡಿಸ್ ಅವರದು ರುಮಾಲೆಯವರದಕ್ಕೆ ತಿರುಗುಮುರುಗಾದ ದಾರಿ. ಅರವತ್ತು–ಎಪ್ಪತ್ತರ ದಶಕಗಳ ಬೆಂಗಳೂರನ್ನು ಅವರು ನೆನಪಿನಿಂದ ಬರೆಯುತ್ತಾರೆ. ಪ್ಲಾಜಾ ಚಿತ್ರಮಂದಿರ, ಎಂ.ಜಿ. ರಸ್ತೆ, ಹಳೆಯ ಬಂಗಲೆಗಳು, ಅಲ್ಲಿ ಓಡಾಡುವ ಜನ, ನಾಯಿ, ಸೈಕಲ್ಲು ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಕಿಕ್ಕಿರಿದಿವೆ. ರುಮಾಲೆಯವರಲ್ಲಿ ಮರಗಳಡಿ ಚಿಕ್ಕದಾಗಿರುವ ಮನುಷ್ಯ ಇಲ್ಲಿ ಮುಂದೆ ಬರುತ್ತಾನೆ. ಕೊರತೆಯೂ ಇದೆ: ನೆನಪು ಕಹಿಯನ್ನು ಸೋಸಿಬಿಡುತ್ತದೆ. ಕಂಟೋನ್ಮೆಂಟಿನ ಬಾಲ್ಯವೇ ಇಡೀ ಊರಿನ ಬಾಲ್ಯವೆಂಬ ಭ್ರಮೆ ನೋಡುವವರಲ್ಲಿ ಹುಟ್ಟುವ ಅಪಾಯವಿದೆ.

ಈ ಪರಂಪರೆಯ ಮೇಲಿನ ಗಂಭೀರ ಆಕ್ಷೇಪ ಇಲ್ಲೇ ಮೊದಲಾಗುತ್ತದೆ. ಅದು ಉಳಿಸಿದ್ದು ಹೆಚ್ಚಾಗಿ ಉದ್ಯಾನ, ಸಾಲುಮರದ ಬೀದಿ, ಕಂಟೋನ್ಮೆಂಟು. ಉತ್ತರ ಬೆಂಗಳೂರಿನ ಹೆಬ್ಬಾಳ, ಯಲಹಂಕಗಳ ಕಡೆಯ ಕೆರೆ, ಗದ್ದೆ, ದ್ರಾಕ್ಷಿತೋಟಗಳಿಗೆ ಸಿಕ್ಕ ಜಾಗ ಅಲ್ಪ. ಆ ಸೀಮೆ ಬೇಸಾಯದ್ದು: ಹೆಬ್ಬಾಳದಲ್ಲಿ ಕೃಷಿ ಪ್ರಯೋಗಕ್ಕೆ ಭೂಮಿ ಸಿಕ್ಕಿದ್ದು 1899ರಲ್ಲಿ, ಕೃಷಿ ವಿಶ್ವವಿದ್ಯಾಲಯ ಬಂದದ್ದು 1964ರಲ್ಲಿ. ಆಮೇಲೆ 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಬಳ್ಳಾರಿ ರಸ್ತೆ ಅಗಲವಾಯಿತು, ಅಂಚಿನ ಮರಗಳು ಹೋದವು, ಹೊಲಗಳು ಲೇಔಟುಗಳಾದವು. ಎಂ.ಜಿ. ರಸ್ತೆಯ ಒಂದು ಕಟ್ಟಡ ಬಿದ್ದರೆ ಮರುಗುವ ಊರು, ಕೋಡಿ ಮುಚ್ಚಿದ ಕೆರೆಗೆ ಅಷ್ಟಾಗಿ ಮರುಗಲಿಲ್ಲ. ಅದಕ್ಕೆ ಮುಖ ಕೊಟ್ಟ ಚಿತ್ರಗಳು ಮನೆಗಳ ಗೋಡೆಯ ಮೇಲೆ ಇರಲಿಲ್ಲ ಎಂಬುದೂ ಒಂದು ಕಾರಣವಿರಬೇಕು.

ಹಳ್ಳಿಯ ನೆನಪನ್ನು ಚಿತ್ರ ಹಿಡಿದಿಡಲಾರದೆಂದಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು (1911–1996) ಮುಂಬಯಿಯಲ್ಲಿ ನೆಲೆಸಿ, ಕೋಳಿ ಅಂಕದಂಥ ತುಳುನಾಡಿನ ಬದುಕನ್ನು ಬರೆದರು. ಕಥಕ್ ಕಲಿತ ಅವರ ಕೈಗೆ ಊರಿನ ಹೊರರೂಪಕ್ಕಿಂತ ಅದರ ಲಯ ಮುಖ್ಯವಾಗಿತ್ತು. ಉತ್ತರ ಬೆಂಗಳೂರಿಗೆ ಇನ್ನು ಒದಗುವುದು ನೆನಪಿನಿಂದ ಬರೆಯುವ ಈ ದಾರಿ. ರುಮಾಲೆಯವರಂತೆ ಎದುರು ಕೂತು ಬರೆಯಲು ಆ ತೋಟಗಳಲ್ಲಿ ಹೆಚ್ಚಿನವು ಈಗ ಇಲ್ಲ. ಕಲ್ಲುಕಂಬದ ಚಪ್ಪರಕ್ಕೆ ದ್ರಾಕ್ಷಿ ಬಳ್ಳಿ ಹಬ್ಬಿಸಿದವರು, ಏರಿಯ ಮೇಲೆ ದನ ಹೊಡೆದುಕೊಂಡು ಹೋದವರು, ತೂಬು ಎತ್ತಿ ಗದ್ದೆಗೆ ನೀರು ಬಿಟ್ಟವರು ಇನ್ನೂ ಇದ್ದಾರೆ. ತೂಬು ಯಾವ ಮೂಲೆಯಲ್ಲಿತ್ತು, ಕೋಡಿ ಬಿದ್ದಾಗ ನೀರು ಯಾವ ದಾರಿ ಹಿಡಿಯುತ್ತಿತ್ತು ಎಂಬುದನ್ನು ಚಿತ್ರಕಾರ ಕೇಳಬೇಕಾದದ್ದು ಅವರನ್ನೇ.